ಓಡಲು ಶುರು ಮಾಡಿದ ಮೇಲೆ ಹಸಿವು ಜಾಸ್ತಿ ಆಯ್ತಾ? ನಾನು ನುಂಗಿದ ಮಾತ್ರೆ ನೀವು ನುಂಗಬೇಡಿ

ನಮ್ಮ ಮನೆಯಲ್ಲಿ ಕೋಡುಬಳೆ ಹಾಕಿಡುವ ಸ್ಟೀಲ್ ಡಬ್ಬದ ಮುಚ್ಚಳ ತುಂಬಾ ಬಿಗಿ. ಎಷ್ಟೇ ಮೆಲ್ಲಗೆ ತೆಗೆದರೂ 'ಟಣ್' ಅನ್ನುತ್ತದೆ. ಫೆಬ್ರವರಿಯ ಒಂದು ರಾತ್ರಿ ಹನ್ನೊಂದೂವರೆಗೆ ಆ ಸದ್ದಿಗೆ ಅತ್ತೆ ಎದ್ದು ಬಂದರು. ನಾನು ಕತ್ತಲಲ್ಲೇ ನಿಂತು ಆರನೇ ಕೋಡುಬಳೆ ಮುರಿಯುತ್ತಿದ್ದೆ.

"ಯಾಕಮ್ಮಾ, ರಾತ್ರಿ ಊಟ ಸಾಕಾಗ್ಲಿಲ್ವಾ?" ಅಂದರು. ಬೈಯಲಿಲ್ಲ. ಲೈಟ್ ಹಾಕಿ, ಒಂದು ಲೋಟ ನೀರು ಇಟ್ಟು ಹೋದರು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. 41 ವರ್ಷದ ಹೆಂಗಸು, ಬ್ಯಾಂಕಿನಲ್ಲಿ ಕೆಲಸ, ಕದ್ದು ತಿನ್ನುವ ಸ್ಥಿತಿಗೆ ಬಂದಿದ್ದೆ. ಆ ನಾಚಿಕೆಯಲ್ಲೇ ಎರಡು ದಿನ ಬಿಟ್ಟು ಒಂದು ಕೆಟ್ಟ ಕೆಲಸ ಮಾಡಿದೆ. ಅದನ್ನು ಹೇಳೋಕೆ ಈ ಬರಹ.

ಜನವರಿಯಲ್ಲಿ ಓಡಲು ಶುರು ಮಾಡಿದ್ದೆ. ಮೈಸೂರಿನಲ್ಲಿ ಇರುವವರಿಗೆ ಅದೇನು ಕಷ್ಟ ಅಲ್ಲ, ಕುಕ್ಕರಹಳ್ಳಿ ಕೆರೆ ಇದೆ. ಬೆಳಗ್ಗೆ ಆರಕ್ಕೆ ಹೋದರೆ ಮಂಜು, ಹೆಜ್ಜಾರ್ಲೆಗಳು, ಕೈ ಬೀಸಿಕೊಂಡು ನಡೆಯುವ ನಿವೃತ್ತ ಮೇಷ್ಟ್ರುಗಳು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಅನ್ನುವ 10 ಕಿಲೋಮೀಟರ್ ಓಟದಲ್ಲಿ ಒಂದು ಸಲ ಓಡಬೇಕು ಅಂತ ಆಸೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 5 ಕಿಲೋಮೀಟರ್.

ಮೊದಲ ಎರಡು ವಾರ ಒಂದು ವಿಚಿತ್ರ ಗಮನಿಸಿದೆ. ಓಡಿ ಬಂದ ಮೇಲೆ ಹಸಿವೇ ಆಗುತ್ತಿರಲಿಲ್ಲ. ತಿಂಡಿ ತಟ್ಟೆ ನೋಡಿದರೆ ಬೇಡ ಅನಿಸುತ್ತಿತ್ತು. ಸಖತ್ ಖುಷಿ ಆಯಿತು. ಓಟವೇ ಹಸಿವು ಕೊಲ್ಲುತ್ತಿದೆ ಅಂದುಕೊಂಡು ಬರೀ ಕಾಫಿ ಕುಡಿದು ಬ್ಯಾಂಕಿಗೆ ಹೋಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಜೋರಾಗಿ ಓಡಿದಾಗ ಗ್ರೆಲಿನ್ ಅನ್ನುವ ಹಸಿವಿನ ಹಾರ್ಮೋನ್ ಸ್ವಲ್ಪ ಹೊತ್ತು ತಗ್ಗುತ್ತದಂತೆ. ಸ್ವಲ್ಪ ಹೊತ್ತು ಮಾತ್ರ. ಸಾಲ ಕೊಟ್ಟವನು ಬೆಳಗ್ಗೆ ಬಾಗಿಲು ತಟ್ಟಲಿಲ್ಲ ಅಂತ ಸಾಲ ತೀರಿತು ಅಂದುಕೊಂಡ ಹಾಗಿತ್ತು ನನ್ನ ಲೆಕ್ಕ. ಅವನು ಸಂಜೆ ನಾಲ್ಕಕ್ಕೆ ಬರುತ್ತಿದ್ದ. ರಾತ್ರಿ ಹನ್ನೊಂದಕ್ಕೆ ಇನ್ನೊಂದು ಸಲ ಬರುತ್ತಿದ್ದ.

ಇನ್ನೊಂದು ಮೂರ್ಖತನ ಕೈಗಡಿಯಾರದ್ದು. ಒಂದು ಓಟಕ್ಕೆ 480 ಕ್ಯಾಲೊರಿ ಖರ್ಚಾಯಿತು ಅಂತ ಅದು ತೋರಿಸುತ್ತಿತ್ತು. ನಾನೂ ಅದನ್ನು ಪಾಸ್‌ಬುಕ್ಕಿನ ಜಮೆ ಅಂತಲೇ ನಂಬಿದೆ. ನಿಜವಾದ ಲೆಕ್ಕ ಸರಳ. ಒಂದು ಕಿಲೋಮೀಟರ್ ಓಡಿದರೆ ನಮ್ಮ ತೂಕದ ಪ್ರತಿ ಕೆಜಿಗೆ ಹೆಚ್ಚುಕಮ್ಮಿ 1 ಕ್ಯಾಲೊರಿ. ನಾನು 66 ಕೆಜಿ. 5 ಕಿಲೋಮೀಟರಿಗೆ ಸುಮಾರು 330. ತುಪ್ಪ ಸುರಿದುಕೊಂಡು ಎರಡು ಹೋಳಿಗೆ ತಿಂದರೆ ಅದು ಮುಗಿದು ಮೇಲೆ ಬಾಕಿ ಬೀಳುತ್ತದೆ. ನಾನು ದಿನಾ ಲೆಕ್ಕ ಬರೆಯುವವಳು, ಇದೊಂದನ್ನು ಕೂಡಿಸಿ ನೋಡಲಿಲ್ಲ! ಫೆಬ್ರವರಿ ಮುಗಿಯುವ ಹೊತ್ತಿಗೆ ತೂಕ 69. ಓಡಿ ಓಡಿ 3 ಕೆಜಿ ಜಾಸ್ತಿ ಆದವಳು ಅಂತ ಆಫೀಸಿನಲ್ಲಿ ನಗು.

ಇಂಥ ಹೊತ್ತಲ್ಲೇ ಸಿಕ್ಕಿದ್ದು ಹಸಿವು ತಗ್ಗಿಸುವ ಮಾತ್ರೆಯ ಆ ಡಬ್ಬಿ. ನಮ್ಮ ಜೊತೆ ಓಡುವವರಲ್ಲಿ ಒಬ್ಬರು ಇದರ ವ್ಯಾಪಾರ ಮಾಡುತ್ತಿದ್ದರು. ಹೆಸರು ಹೇಳುವುದಿಲ್ಲ, ಜಗಳ ನನಗೆ ಬೇಡ. 60 ಕ್ಯಾಪ್ಸೂಲ್, 2,400 ರೂಪಾಯಿ. "ಪೂರ್ತಿ ಗಿಡಮೂಲಿಕೆ ಮೇಡಂ, ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಹಸಿವು ಅನ್ನೋದು ಮರೆತೇ ಹೋಗುತ್ತೆ" ಅಂದರು. ಹಸಿರು ಎಲೆಯ ಚಿತ್ರ ಇತ್ತು. ಎಲೆ ಇದ್ದ ಮೇಲೆ ಇನ್ನೇನು, ದುಡ್ಡು ಕೊಟ್ಟೆ.

ಹಸಿವಿನ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ. ಮೂರನೇ ದಿನಕ್ಕೆ ಹಸಿವು ನಿಜವಾಗಿಯೂ ಮಾಯ. ನೀವು ಮೋಸ ಹೋಗುವುದು ಇಲ್ಲೇ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಕೆಲಸ ಮಾಡದ ಮಾತ್ರೆ ಆಗಿದ್ದರೆ ದುಡ್ಡು ಮಾತ್ರ ಹೋಗುತ್ತಿತ್ತು. ಮಧ್ಯಾಹ್ನ ಒಂದು ಚಪಾತಿ, ರಾತ್ರಿ ಅರ್ಧ ಲೋಟ ಮಜ್ಜಿಗೆ, ಅಷ್ಟರಲ್ಲೇ ದಿನ ಕಳೆಯುತ್ತಿತ್ತು. ಕೋಡುಬಳೆ ಡಬ್ಬದ ಕಡೆ ಕಣ್ಣೂ ಹೋಗಲಿಲ್ಲ. ಗೆದ್ದೆ ಅನಿಸಿತು.

ಬಾಯಿ ಮಾತ್ರ ಸದಾ ಒಣಗಿರುತ್ತಿತ್ತು. ರಾತ್ರಿ ಎರಡಕ್ಕೂ ನಿದ್ದೆ ಇಲ್ಲ. ಎಡಮಗ್ಗುಲಿಗೆ ಮಲಗಿದರೆ ದಿಂಬಿನಲ್ಲಿ ಎದೆ ಬಡಿತ ಕೇಳಿಸುತ್ತಿತ್ತು, ಪಕ್ಕದ ಮನೆಯಲ್ಲಿ ಯಾರೋ ಒರಳಲ್ಲಿ ಕುಟ್ಟುತ್ತಿರುವ ಹಾಗೆ. ಕೊಬ್ಬು ಕರಗುವಾಗ ಹೀಗೇ ಅಂತ ನನಗೆ ನಾನೇ ಹೇಳಿಕೊಂಡೆ.

ಒಂಬತ್ತು ದಿನ ನುಂಗಿದೆ. ಹತ್ತನೇ ಬೆಳಗ್ಗೆ ಕೆರೆಯ ಏರಿ ಮೇಲೆ ಮೂರನೇ ಕಿಲೋಮೀಟರಿನಲ್ಲಿ ಕಣ್ಣು ಕತ್ತಲೆ ಬಂತು. ಬೀಳಲಿಲ್ಲ, ಕಲ್ಲು ಬೆಂಚು ಹಿಡಿದು ಕೂತೆ. ಕೈ ನಡುಗುತ್ತಿತ್ತು, ಬೆವರು ತಣ್ಣಗಿತ್ತು. ದಿನಾ ನಮಸ್ಕಾರ ಹೇಳುವ ಒಬ್ಬ ಹಿರಿಯರು ಜೇಬಿನಿಂದ ಗ್ಲೂಕೋಸ್ ಬಿಸ್ಕತ್ ತೆಗೆದು ಕೊಟ್ಟರು. ಅವರಿಗೆ ಸಕ್ಕರೆ ಕಾಯಿಲೆ, ಅದಕ್ಕೇ ಇಟ್ಟುಕೊಂಡಿರುತ್ತಾರಂತೆ. "ಏನೂ ತಿನ್ನದೆ ಓಡೋಕೆ ಬಂದ್ರಾ ತಾಯಿ?" ಅಂತ ಕೇಳಿದರು. ಉತ್ತರ ಕೊಡಲಿಲ್ಲ. ನಮ್ಮನೆಯವರಿಗೆ ಫೋನ್ ಮಾಡಿಕೊಟ್ಟಿದ್ದೂ ಅವರೇ.

ಆಸ್ಪತ್ರೆಯಲ್ಲಿ ಬಿಪಿ 150ಕ್ಕೆ 96. ಸುಮ್ನೆ ಮಲಗಿದ್ದಾಗಲೇ ನಾಡಿ 112. ಹೋದ ವರ್ಷದ ತಪಾಸಣೆಯಲ್ಲಿ ಎರಡೂ ಸರಿಯಾಗಿದ್ದವು. ಇಸಿಜಿಯಲ್ಲಿ ಬಡಿತ ಜೋರು ಅನ್ನುವುದು ಬಿಟ್ಟರೆ ಬೇರೆ ತೊಂದರೆ ಕಾಣಲಿಲ್ಲ. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಏನು ಮಾತ್ರೆ ತಗೋತಿದೀರಾ?" ಮಾತ್ರೆ ಏನೂ ಇಲ್ಲ ಅಂದೆ. ನನ್ನ ಲೆಕ್ಕದಲ್ಲಿ ಅದು ಮಾತ್ರೆ ಅಲ್ಲ, ಎಲೆ ಅಲ್ವಾ. ಎರಡನೇ ಸಲ ಕೇಳಿದಾಗ ಹೇಳಿದೆ. ನಮ್ಮನೆಯವರು ನನ್ನ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ.

ಡಾಕ್ಟರಮ್ಮ ಡಬ್ಬಿ ತರಿಸಿ ನೋಡಿದರು. ನಮ್ಮ ದೇಶದಲ್ಲಿ ಮಾರುವ ಇಂಥ ಪೂರಕ ಆಹಾರದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಆಯುರ್ವೇದ ಔಷಧಿ ಆದರೆ ಅದಕ್ಕೆ ಬೇರೆ ತಯಾರಿಕಾ ಲೈಸೆನ್ಸ್ ನಂಬರ್. ನನ್ನ ಡಬ್ಬಿಯಲ್ಲಿ ಎರಡೂ ಇರಲಿಲ್ಲ. ತಯಾರಿಸಿದವರ ವಿಳಾಸವೂ ಇರಲಿಲ್ಲ. ಅವರೇ ಸಿಬುಟ್ರಮೈನ್ ಬಗ್ಗೆ ಹೇಳಿದರು. ಒಂದು ಕಾಲದಲ್ಲಿ ಹಸಿವು ತಗ್ಗಿಸಲು ಡಾಕ್ಟರುಗಳೇ ಬರೆಯುತ್ತಿದ್ದ ಔಷಧಿ. ಬಿಪಿ, ನಾಡಿ ಏರಿಸುತ್ತದೆ, ಹೃದಯಕ್ಕೆ ಅಪಾಯ ಅಂತ ತಿಳಿದ ಮೇಲೆ ಅಮೆರಿಕದಲ್ಲಿ 2010ರಲ್ಲಿ ಮಾರುಕಟ್ಟೆಯಿಂದ ವಾಪಸ್ ಹೋಯಿತು, ಭಾರತದಲ್ಲಿ 2011ರಲ್ಲಿ ನಿಷೇಧ ಆಯಿತು. ಆದರೂ ಗಿಡಮೂಲಿಕೆ ಅಂತ ಮಾರುವ ತೂಕ ಇಳಿಸುವ ಮಾತ್ರೆಗಳಲ್ಲಿ ಹೇಳದೆ ಕೇಳದೆ ಬೆರೆಸಿದ್ದು ಬೇರೆ ಬೇರೆ ದೇಶಗಳಲ್ಲಿ ಪದೇ ಪದೇ ಸಿಕ್ಕಿದೆ. ನನ್ನ ಡಬ್ಬಿಯಲ್ಲೂ ಅದೇ ಇತ್ತು ಅಂತ ನಾನು ಹೇಳುತ್ತಿಲ್ಲ, ಲ್ಯಾಬಿಗೆ ಕೊಟ್ಟಿಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದ್ದನ್ನು ಒಂಬತ್ತು ದಿನ ನುಂಗಿದೆ, ಅಷ್ಟು ಮಾತ್ರ ಖಚಿತ. ನಿಲ್ಲಿಸಿದ ಮೇಲೆ ಹತ್ತು ದಿನದಲ್ಲಿ ಬಿಪಿ ಸರಿಹೋಯಿತು.

ಅವರು ಮುಟ್ಟಿನ ಬಗ್ಗೆಯೂ ಕೇಳಿದರು. ಆ ತಿಂಗಳು ತಪ್ಪಿತ್ತು. ವಯಸ್ಸು ಅಂದುಕೊಂಡಿದ್ದೆ. ಓಡುವಷ್ಟು ಓಡಿ, ತಿನ್ನಬೇಕಾದಷ್ಟು ತಿನ್ನದಿದ್ದರೆ ದೇಹ ಮೊದಲು ಕಟ್ ಮಾಡುವ ಖರ್ಚುಗಳಲ್ಲಿ ಅದೂ ಒಂದಂತೆ. ಹೀಗೇ ಮುಂದುವರಿದರೆ ಮೂಳೆ ಸವೆದು ಸಣ್ಣ ಬಿರುಕು ಬಿಡಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಅಂತ ಹೆಸರಿಟ್ಟಿತು. ಗಂಡಸರಿಗೂ ಬರುತ್ತದೆ, ಅವರಿಗೆ ಮುಟ್ಟು ತಪ್ಪಿತು ಅನ್ನುವ ಸೂಚನೆ ಸಿಗುವುದಿಲ್ಲ ಅಷ್ಟೇ.

ಈಗ ಮಾಡುತ್ತಿರುವುದು ಬಹಳ ಸಾದಾ. ಓಡುವ ಮುಂಚೆ ಅರ್ಧ ಬಾಳೆಹಣ್ಣು. ವಾಪಸ್ ಬಂದು ಒಂದು ಗಂಟೆಯೊಳಗೆ ತಿಂಡಿ, ಹಸಿವು ಇರಲಿ ಬಿಡಲಿ. ಬರೀ ಉಪ್ಪಿಟ್ಟು, ಅವಲಕ್ಕಿ ಆದರೆ ಹನ್ನೊಂದಕ್ಕೇ ಹೊಟ್ಟೆ ಕೂಗುತ್ತದೆ. ಜೊತೆಗೆ ಹೆಸರುಕಾಳಿನ ಉಸ್ಲಿಯೋ ಎರಡು ಮೊಟ್ಟೆಯೋ ಇದ್ದರೆ ಮಧ್ಯಾಹ್ನದವರೆಗೆ ತಡೆಯುತ್ತದೆ. ಇದರ ವ್ಯತ್ಯಾಸ ನನಗೆ ನಂಬಲಾಗದಷ್ಟು ಇತ್ತು. ಸಂಜೆ ನಾಲ್ಕಕ್ಕೆ, ಹಸಿವು ಬರುವ ಮೊದಲೇ, ಒಂದು ಹಿಡಿ ಶೇಂಗಾ ಮತ್ತು ಹುರಿಗಡಲೆ, ಒಂದು ಲೋಟ ಮಜ್ಜಿಗೆ. ಕ್ಯಾಷ್ ಕೌಂಟರಿನ ಡ್ರಾಯರಲ್ಲಿ ಶೇಂಗಾ ಇಡಬಾರದು ಅಂತ ರೂಲ್ಸ್, ಬ್ಯಾಗಿನಲ್ಲಿ ಇಡುತ್ತೇನೆ. ಭಾನುವಾರ ಜಾಸ್ತಿ ಓಡಿದರೆ ನಿಜವಾದ ಹಸಿವು ಸೋಮವಾರ ಬರುತ್ತದೆ. ಅವತ್ತು ಮುದ್ದೆ ಸ್ವಲ್ಪ ದೊಡ್ಡದು, ಸೊಪ್ಪಿನ ಸಾರು ಎರಡು ಸಲ. ಅದಕ್ಕೆ ನಾಚಿಕೆ ಪಡುವುದು ಬಿಟ್ಟಿದ್ದೇನೆ. ಗಡಿಯಾರದ ಕ್ಯಾಲೊರಿ ಪರದೆ ತೆಗೆದುಹಾಕಿದ್ದೇನೆ.

ತೂಕ ಈಗ 67. ವರ್ಲ್ಡ್ 10ಕೆ ಈ ಸಲ ನಾನು ಓಡುವುದಿಲ್ಲ.

ಮಾರಿದವರಿಗೆ ಹೇಳಿದೆ. "ನಿಮ್ಮ ಬಾಡಿಗೆ ಸೆಟ್ ಆಗ್ಲಿಲ್ಲ ಅಷ್ಟೇ ಮೇಡಂ, ಬೇರೆಯವರಿಗೆಲ್ಲಾ ಚೆನ್ನಾಗಿ ಆಗಿದೆ" ಅಂದರು. ದುಡ್ಡು ವಾಪಸ್ ಕೊಡಲಿಲ್ಲ. ಈಗಲೂ ವಾರಕ್ಕೆ ಎರಡು ದಿನ ಕೆರೆ ಹತ್ತಿರ ಕಾಣಿಸುತ್ತಾರೆ, ಬ್ಯಾಗ್ ಹೆಗಲಲ್ಲೇ ಇರುತ್ತದೆ. 42 ಕ್ಯಾಪ್ಸೂಲ್ ಉಳಿದಿರುವ ಡಬ್ಬಿಯನ್ನು ನಾನು ಎಸೆದಿಲ್ಲ, ಬೀರುವಿನ ಮೇಲಿಟ್ಟಿದ್ದೇನೆ. ಯಾರಾದರೂ ಹೊಸಬರು ಅವರ ಹತ್ತಿರ ನಿಂತು ಮಾತಾಡುವುದು ಕಂಡರೆ, ಆಮೇಲೆ ಹೋಗಿ ಲೇಬಲ್ಲಿನ ಫೋಟೋ ತೋರಿಸುತ್ತೇನೆ. ಹೋದ ವಾರ ಇಬ್ಬರಿಗೆ ತೋರಿಸಿದೆ. ಒಬ್ಬಳು ಆಗಲೇ ತಗೊಂಡಾಗಿತ್ತು.