ಮಾಣಿಯ ಪಾದ ತಿದ್ದಿದ ಕ್ಲಿನಿಕ್

ನಮ್ಮ ಮಾಣಿ ಹುಟ್ಟಿದಾಗ ಎಡಪಾದ ಒಳಗೆ ತಿರುಗಿ, ಹಿಮ್ಮಡಿ ಮೇಲೆ ಸೇದಿಕೊಂಡಿತ್ತು. ಅತ್ತೆ ದಿನಾ ಎಣ್ಣೆ ಹಚ್ಚಿ ನೀವಿದರು. ಗ್ರಹಣದ ಮಾತೂ ಬಂತು. ಮೊದಲು ತೋರಿಸಿದ ಡಾಕ್ಟರು "ವರ್ಷ ತುಂಬಲಿ, ಆಪರೇಶನ್ ಮಾಡಿದ್ರಾಯ್ತು" ಅಂದರು. ಅದನ್ನು ನಂಬಿ ಮೂರು ವಾರ ಸುಮ್ನೆ ಕೂತೆವು. ಆ ಬೇಸರ ನನಗೆ ಇನ್ನೂ ಹೋಗಿಲ್ಲ. "ಇದು ಕ್ಲಬ್‌ಫೂಟ್, ಈಗ್ಲೇ ಪ್ಲಾಸ್ಟರ್ ಶುರು ಮಾಡ್ಬೇಕು" ಎಂದು ಹುಬ್ಬಳ್ಳಿಗೆ ಕಳಿಸಿದ್ದು ಊರಿನ ಆಶಾ ಕಾರ್ಯಕರ್ತೆ.

ಅಲ್ಲಿ ವಾರಕ್ಕೊಂದು ದಿನ ಮಕ್ಕಳ ಪಾದಕ್ಕೆಂದೇ ಕ್ಲಿನಿಕ್ ಇದೆ. ಶಿರಸಿಯಿಂದ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೆವು.

ಡಾಕ್ಟರ ಕೈ ನೋಡಿಯೇ ನನಗೆ ಧೈರ್ಯ ಬಂತು. "ಹಾಲು ಕುಡಿಸ್ತಾ ಇರಿ" ಅಂದರು. ಒಂದು ಹೆಬ್ಬೆರಳನ್ನು ಪಾದದ ಹೊರಬದಿಗೆ ಉಬ್ಬಿದ್ದ ಮೂಳೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಮುಂಪಾದವನ್ನು ಮೆಲ್ಲಗೆ ಹೊರಗೆ ತಂದರು. ಜಗ್ಗಲಿಲ್ಲ, ತಿರುಚಲಿಲ್ಲ. ಹಾಗೇ ಹಿಡಿದಿರುವಾಗ ಇನ್ನೊಬ್ಬರು ಹತ್ತಿ ಸುತ್ತಿ, ಮೊಣಕಾಲು ಮಡಚಿ, ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಮಾಣಿ ಹಾಲು ಬಿಡಲೇ ಇಲ್ಲ.

ಇದು ಪೊನ್ಸೆಟಿ ಪದ್ಧತಿ. ಅಮೆರಿಕದ ಅಯೋವಾದಲ್ಲಿದ್ದ ಇಗ್ನಾಸಿಯೊ ಪೊನ್ಸೆಟಿ ಎಂಬ ಡಾಕ್ಟರು ರೂಪಿಸಿದ್ದು. ವಾರವಾರ ಹೊಸ ಪ್ಲಾಸ್ಟರ್, ಸಾಮಾನ್ಯವಾಗಿ ಐದಾರು. ನಮ್ಮದು ಆಷಾಢದ ಮಳೆಯಲ್ಲಿ ನಡೆಯಿತು. ಬಸ್ಸಿನಲ್ಲಿ ಕಾಲಿಗೆ ಪ್ಲಾಸ್ಟಿಕ್ ಕಟ್ಟಿ, ಮೇಲೆ ಕಂಬಳಿ ಹೊದಿಸುತ್ತಿದ್ದೆ. ಬೆರಳ ತುದಿ ಒತ್ತಿ ಬಿಟ್ಟರೆ ಮತ್ತೆ ಕೆಂಪಾಗಬೇಕು ಎಂದು ನರ್ಸಮ್ಮ ಕಲಿಸಿದ್ದರು. ಮೂರನೇ ವಾರ ಬೆರಳೇ ಒಳಗೆ ಹೋದವು. ಪ್ಲಾಸ್ಟರ್ ಜಾರಿತ್ತು. ಫೋನ್ ಮಾಡಿದ್ದಕ್ಕೆ "ನಾಳೆನೇ ಬನ್ನಿ" ಅಂದರು. ಕ್ಲಿನಿಕ್ಕಿನ ದಿನ ಅಲ್ಲದಿದ್ದರೂ ಬದಲಿಸಿಕೊಟ್ಟರು. ಕೊನೆಗೆ ಮರಗಟ್ಟುವ ಔಷಧಿ ಕೊಟ್ಟು ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ಸಣ್ಣ ಕೊಯ್ತದಲ್ಲಿ ಕತ್ತರಿಸಿ, ಮೂರು ವಾರದ ಪ್ಲಾಸ್ಟರ್ ಹಾಕಿದರು.

ಪಾದ ನೆಟ್ಟಗಾಯ್ತು, ಮುಗೀತು ಅಂದುಕೊಂಡಿದ್ದೆ. ಅಲ್ಲ. ಆಮೇಲೆ ಬೂಟು. ಎರಡು ಬೂಟಿನ ನಡುವೆ ಒಂದು ಪಟ್ಟಿ, ಮೊದಲ ಮೂರು ತಿಂಗಳು ದಿನಕ್ಕೆ 23 ತಾಸು, ನಂತರ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ. ಹಾಕದಿದ್ದರೆ ಪಾದ ಮತ್ತೆ ತಿರುಗುತ್ತದೆ. ಮೊದಲ ನಾಲ್ಕು ರಾತ್ರಿ ಮಾಣಿ ಅತ್ತಿದ್ದಕ್ಕೆ ಲೆಕ್ಕವಿಲ್ಲ. "ಬಿಚ್ಚಿಬಿಡೇ, ಪಾಪ" ಎಂದು ಅತ್ತೆಯೂ ಅತ್ತರು. ನಾನು ಬಿಚ್ಚಲಿಲ್ಲ. ಬೂಟಿನ ಹಿಂದೊಂದು ತೂತು ಇದೆ. ಅದರಲ್ಲಿ ಹಿಮ್ಮಡಿ ಕಂಡರೆ ಕಾಲು ಸರಿಯಾಗಿ ಕೂತಿದೆ ಅಂತ. ದಿನಾ ಬೆರಳಿಟ್ಟು ನೋಡುತ್ತಿದ್ದೆ.

ಕ್ಲಿನಿಕ್ಕಿನಲ್ಲಿ ಕೊರತೆಯೂ ಇದೆ. ಬಾಣಂತಿಯರಿಗೆ ಹಾಲು ಕುಡಿಸಲು ಮರೆಯ ಜಾಗವಿಲ್ಲ. ಸರತಿ ಮಧ್ಯಾಹ್ನದವರೆಗೂ ಎಳೆಯುತ್ತದೆ, ಬುತ್ತಿ ಕಟ್ಟಿಕೊಂಡೇ ಹೋಗಿ. ಆದರೆ ಪ್ರತಿ ಸಲವೂ "ಬೂಟು ಎಷ್ಟು ತಾಸು ಹಾಕಿದ್ರಿ?" ಎಂದು ಬಿಡದೆ ಕೇಳುತ್ತಾರೆ. ಡಾಕ್ಟರನ್ನು ಹುಡುಕುವವರು ಇದನ್ನೇ ನೋಡಿ. ಪ್ಲಾಸ್ಟರ್ ಮೊಣಕಾಲಿನ ಕೆಳಗೇ ನಿಲ್ಲಿಸುವವರು, ಬೂಟಿನ ಮಾತೇ ಎತ್ತದವರು ಬೇಡ.

ಕೂಸಿನ ಪಾದ ತಿರುಗಿದ್ದರೆ ಆಶಾ ಅಥವಾ ಅಂಗನವಾಡಿಯವರಿಗೆ ಇವತ್ತೇ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕ್ಲಬ್‌ಫೂಟ್ ಕೂಡ ಸೇರಿದೆ. ನಮ್ಮ ಹತ್ತಿರ ಪ್ಲಾಸ್ಟರಿಗೂ ಬೂಟಿಗೂ ದುಡ್ಡು ಕೇಳಲಿಲ್ಲ.

ಮಾಣಿಗೆ ಈಗ ಎರಡೂವರೆ ವರ್ಷ. ಅಡಿಕೆ ಹರಡಿದ ಅಂಗಳದಲ್ಲಿ ಓಡಿ ಅಜ್ಜನ ಹತ್ತಿರ ಬೈಸಿಕೊಳ್ಳುತ್ತಾನೆ. ರಾತ್ರಿ ಬೂಟು ಇನ್ನೂ ಇದೆ.