ಯೂರೋಪ್ ರೈಲು ಪ್ಯಾಕೇಜ್: ಹಸಿರು ಟಿಕ್ ನೋಡಿ ದುಡ್ಡು ಕಟ್ಟಬೇಡಿ

ಗಂಡ ಹೆಂಡತಿ ಇಬ್ಬರೇ ಎರಡು ವಾರ ಯೂರೋಪಿನ ಊರುಗಳನ್ನು ರೈಲಿನಲ್ಲಿ ಸುತ್ತಬೇಕು ಅಂದುಕೊಂಡಿದ್ದೀರಾ? ಯಾವುದಾದರೂ ಟ್ರಾವೆಲ್ ಏಜೆನ್ಸಿ ಯೂರೇಲ್ ಪಾಸ್ (ಒಂದೇ ಪಾಸ್‌ನಲ್ಲಿ ಯೂರೋಪಿನ ಹಲವು ದೇಶಗಳ ರೈಲು ಹತ್ತಬಹುದು) ಸೇರಿಸಿ ನಿಮಗೆ ಪ್ಯಾಕೇಜ್ ಮಾರುತ್ತಿದೆಯಾ? ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ಯಾವ ಯಾವ ರೈಲಿಗೆ ಸೀಟ್ ರಿಸರ್ವೇಶನ್ ಕಡ್ಡಾಯ? ಅದನ್ನು ನೀವು ಮಾಡಿಸಿ ಕೊಡ್ತೀರಾ?" ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ನಮಗೆ ಇಂಥದ್ದೇ ಪ್ಯಾಕೇಜ್ ಮಾರಿದ ಏಜೆನ್ಸಿಯವರು ಹೇಳಿದ್ದು ಹೀಗೆ: "ಪಾಸ್ ಇದ್ರೆ ಸಾಕು ಸಾರ್. 33 ದೇಶ. ಯಾವ ರೈಲು ಬೇಕಾದ್ರೂ ಹತ್ತಿ, ಎಲ್ಲಿ ಬೇಕಾದ್ರೂ ಇಳೀರಿ." 33 ದೇಶ ಅನ್ನುವುದು ನಿಜ. ಉಳಿದಿದ್ದು ಅರ್ಧ ನಿಜ, ಮತ್ತು ಆ ಇನ್ನರ್ಧಕ್ಕೆ ನಾವು ಯೂರೋ ಲೆಕ್ಕದಲ್ಲಿ ದುಡ್ಡು ಸುರಿದೆವು.

ಪ್ಲಾನ್ ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ವೆನಿಸ್, ರೋಮ್. ಪಿಡಿಎಫ್‌ನಲ್ಲಿ ಪ್ರತಿ ರೈಲಿನ ನಂಬರ್, ಹೊರಡುವ ಸಮಯ, ಪಕ್ಕದಲ್ಲಿ "ಪಾಸ್‌ನಲ್ಲಿ ಸೇರಿದೆ" ಅಂತ ಒಂದು ಹಸಿರು ಟಿಕ್. ಬೋಗಿ ನಂಬರ್, ಸೀಟ್ ನಂಬರ್ ಮಾತ್ರ ಎಲ್ಲೂ ಇರಲಿಲ್ಲ.

ಮೊದಲ ಪೆಟ್ಟು ಬಿದ್ದಿದ್ದು ಪ್ಯಾರಿಸ್‌ನ ಗಾರ್ ದು ನೋರ್ ಸ್ಟೇಷನ್‌ನಲ್ಲಿ. ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವ ಯೂರೋಸ್ಟಾರ್ ಅನ್ನುವ ವೇಗದ ರೈಲು ಹತ್ತಬೇಕಿತ್ತು. ಗೇಟಿಗೆ ಫೋನ್‌ನ ಕ್ಯೂಆರ್ ಕೋಡ್ ಹಿಡಿದೆ, ತೆರೆಯಲಿಲ್ಲ. ಬ್ರೈಟ್‌ನೆಸ್ ಜಾಸ್ತಿ ಮಾಡಿ ಮತ್ತೆ ಹಿಡಿದೆ, ಊಹೂಂ. ಸಿಬ್ಬಂದಿಯೊಬ್ಬರು ಬಂದು ಫೋನ್ ನೋಡಿ, "ಪಾಸ್ ಸರಿ ಇದೆ, ರಿಸರ್ವೇಶನ್ ಎಲ್ಲಿ?" ಅಂದರು. ಹೆಂಡತಿ ಹಸಿರು ಟಿಕ್ ಇರುವ ಪಿಡಿಎಫ್ ತೋರಿಸಿದಳು. ಅವರು ಅದನ್ನು ಓದಲೂ ಹೋಗದೆ ಟಿಕೆಟ್ ಕೌಂಟರ್ ಕಡೆ ಕೈ ತೋರಿಸಿದರು. ನಮ್ಮ ಹಿಂದೆ ಸೂಟ್‌ಕೇಸ್ ಹಿಡಿದವರ ಸಾಲು ಬೆಳೆಯುತ್ತಿತ್ತು.

ವಿಷಯ ಏನಂದರೆ, ಯೂರೋಸ್ಟಾರ್‌ನಲ್ಲಿ ಪಾಸ್ ಇರುವವರಿಗೆ ಅಂತ ಪ್ರತಿ ರೈಲಿನಲ್ಲೂ ಒಂದಿಷ್ಟೇ ಸೀಟು ಇಟ್ಟಿರುತ್ತಾರೆ. ಅದಕ್ಕೂ ಒಬ್ಬರಿಗೆ 30 ಯೂರೋ ಆಸುಪಾಸು ಬೇರೆ ಕಟ್ಟಬೇಕು. ಆ ಸೀಟು ಮುಗಿದರೆ, ಉಳಿದ ಬೋಗಿಗಳು ಖಾಲಿ ಹೊಡೆಯುತ್ತಿದ್ದರೂ ಪಾಸ್‌ನವರಿಗೆ ಜಾಗ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದೇ ಕಥೆ. ಕೌಂಟರ್‌ನಲ್ಲಿ ವಿಚಾರಿಸಿದರೆ ಆ ದಿನದ್ದೂ ಮುಗಿದಿತ್ತು, ಮರುದಿನದ್ದೂ ಮುಗಿದಿತ್ತು. ಮಾಮೂಲಿ ಟಿಕೆಟ್ ಒಬ್ಬರಿಗೆ 150 ಯೂರೋ ದಾಟಿತ್ತು. ಏಜೆನ್ಸಿಯ "24 ಗಂಟೆ ಸಹಾಯ" ನಂಬರ್‌ಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ವಾಟ್ಸಾಪ್‌ನಲ್ಲಿ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಕೌಂಟರ್‌ನಲ್ಲಿದ್ದ ಹೆಂಗಸು ಒಂದು ಚೀಟಿಯ ಮೇಲೆ ಬೇರೆ ದಾರಿ ಬರೆದುಕೊಟ್ಟರು. ರಿಸರ್ವೇಶನ್ ಬೇಡದ ಟಿಇಆರ್ ಅನ್ನುವ ಫ್ರಾನ್ಸ್‌ನ ಪ್ರಾದೇಶಿಕ ರೈಲಿನಲ್ಲಿ ಅಮಿಯಾಂ ಊರಿನ ಮೇಲೆ ಲೀಲ್‌ಗೆ. ಅಲ್ಲಿಂದ ಗಡಿ ದಾಟಿ ಬೆಲ್ಜಿಯಂನ ಕೋರ್ಟ್‌ರೈಕ್, ಆಮೇಲೆ ಬ್ರಸೆಲ್ಸ್, ಆಮೇಲೆ ಆಮ್‌ಸ್ಟರ್‌ಡ್ಯಾಮ್. ನೇರ ರೈಲಿಗೆ ಮೂರೂವರೆ ಗಂಟೆ ಕೂಡ ಬೇಡ. ನಮಗೆ ಇಡೀ ದಿನ ಹೋಯಿತು. ನಾಜಿಗಳಿಂದ ಅಡಗಿ ಡೈರಿ ಬರೆದ ಹುಡುಗಿ ಆನ್ ಫ್ರಾಂಕ್‌ಳ ಮನೆ-ಮ್ಯೂಸಿಯಂಗೆ ಆ ಸಂಜೆಯ ಟಿಕೆಟ್ ತೆಗೆದಿಟ್ಟಿದ್ದೆವು. ಆ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ ಸಿಗುವುದು, ಅದೂ ಆರು ವಾರ ಮುಂಚೆ ಮಂಗಳವಾರ ಬಿಟ್ಟ ತಕ್ಷಣ ಹಿಡಿಯಬೇಕು. ಅದೂ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಇದಕ್ಕೇ ಹೆಂಡತಿಗೆ ಜಾಸ್ತಿ ಬೇಜಾರು.

ಆ ರಾತ್ರಿ ಹೋಟೆಲ್‌ನಲ್ಲಿ ಕೂತು ಪಾಸ್‌ನ ನಿಯಮಗಳನ್ನು ಪೂರ್ತಿ ಓದಿದಾಗ ಇನ್ನೊಂದು ಗೊತ್ತಾಯಿತು. ಏಜೆನ್ಸಿ ನಮಗೆ ಮಾರಿದ್ದು 15 ದಿನದ ಕಂಟಿನ್ಯೂಯಸ್ ಪಾಸ್. ಅಂದರೆ ಶುರುವಾದ ದಿನದಿಂದ ಒಂದೇ ಸಮನೆ 15 ದಿನ ಓಡುತ್ತದೆ, ರೈಲು ಹತ್ತಿದರೂ ಸರಿ, ಹತ್ತದಿದ್ದರೂ ಸರಿ. ಏಳು ಊರಿನ ಪ್ಲಾನಿನಲ್ಲಿ ರೈಲು ಹತ್ತುವುದು ಆರೇ ದಿನ, ಅಲ್ವಾ? ಒಂದು ತಿಂಗಳೊಳಗೆ ಯಾವುದಾದರೂ 7 ದಿನ ಓಡಾಡುವ ಫ್ಲೆಕ್ಸಿ ಪಾಸ್ ಇದೆ, ಅದಕ್ಕಿಂತ ಅಗ್ಗ. ಅದರ ಹೆಸರನ್ನೇ ಅವರು ಎತ್ತಿರಲಿಲ್ಲ. ಇನ್ನೂ ನಿಜ ಹೇಳಬೇಕಂದರೆ, ತಾರೀಖು ಗಟ್ಟಿ ಇರುವ ಇಂಥ ಪ್ರವಾಸಕ್ಕೆ ಪಾಸ್ ಬೇಕೇ ಅನ್ನುವುದೇ ಅನುಮಾನ. ಎರಡು ಮೂರು ತಿಂಗಳು ಮುಂಚೆ ಆಯಾ ರೈಲ್ವೆಯ ಸೈಟ್‌ನಲ್ಲೇ ಬಿಡಿ ಟಿಕೆಟ್ ತೆಗೆದರೆ ಎಷ್ಟೋ ಸಲ ಪಾಸ್‌ಗಿಂತ ಕಡಿಮೆಗೆ ಮುಗಿಯುತ್ತದೆ. ಸೀಟೂ ಅದರಲ್ಲೇ ಬರುವ ರೈಲುಗಳು ಬೇಕಾದಷ್ಟಿವೆ. ಪಾಸ್ ಇರುವುದು ಬೆಳಗ್ಗೆ ಎದ್ದು ಎಲ್ಲಿಗೆ ಹೋಗೋಣ ಅಂತ ಯೋಚಿಸುವವರಿಗೆ. ಹೋಟೆಲ್ ಎಲ್ಲ ಬುಕ್ ಮಾಡಿಕೊಂಡವರಿಗೆ ಆ ಸ್ವಾತಂತ್ರ್ಯ ಇಟ್ಟುಕೊಂಡು ಏನು ಮಾಡುವುದು?

ಹಾಗಂತ ಪಾಸ್ ಪೂರ್ತಿ ದಂಡ ಅಂತ ಬೈದರೆ ಅನ್ಯಾಯ. ಬರ್ಲಿನ್, ಪ್ರಾಗ್, ವಿಯೆನ್ನಾ ಕಡೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಜರ್ಮನಿ, ಆಸ್ಟ್ರಿಯಾದ ಒಳಗೆ ಹೆಚ್ಚಿನ ರೈಲುಗಳಿಗೆ ರಿಸರ್ವೇಶನ್ ಕಡ್ಡಾಯ ಅಲ್ಲ. ಬೇಕಾದರೆ ಸ್ವಲ್ಪ ದುಡ್ಡು ಕೊಟ್ಟು ಸೀಟು ಹಿಡಿದುಕೊಳ್ಳಬಹುದು. ಬೇಸಿಗೆಯ ವಾರಾಂತ್ಯದಲ್ಲಿ ಹಿಡಿದುಕೊಳ್ಳುವುದೇ ಮೇಲು. ಬರ್ಲಿನ್‌ನಿಂದ ಪ್ರಾಗ್‌ಗೆ ಹೋಗುವಾಗ ಡ್ರೆಸ್ಡೆನ್ ಬರುವವರೆಗೂ ನಾವು ಬಾಗಿಲ ಹತ್ತಿರ ಸೂಟ್‌ಕೇಸ್ ಮೇಲೆ ಕೂತಿದ್ದೆವು. ಆಮೇಲೆ ಸೀಟು ಸಿಕ್ಕಿತು, ಎಲ್ಬೆ ನದಿ ಪಕ್ಕದ ಬಂಡೆಬೆಟ್ಟಗಳನ್ನು ಕಿಟಕಿಯಿಂದ ನೋಡುತ್ತಾ ಹೋದೆವು.

ವಿಯೆನ್ನಾದಿಂದ ವೆನಿಸ್‌ಗೆ ಪ್ಲಾನಿನಲ್ಲಿ ಇದ್ದಿದ್ದು ರಾತ್ರಿ ರೈಲು. "ಒಂದು ಹೋಟೆಲ್ ರಾತ್ರಿ ಉಳಿತಾಯ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ನೈಟ್‌ಜೆಟ್‌ನಂಥ ರಾತ್ರಿ ರೈಲಿನಲ್ಲಿ ಪಾಸ್ ಇದ್ದರೂ ರಿಸರ್ವೇಶನ್ ಬೇಕು. ಮಲಗುವ ಬರ್ತ್ ಬೇಕಂದರೆ ಚಾರ್ಜು ಇನ್ನೂ ಜಾಸ್ತಿ. ಇಬ್ಬರಿಗೇ ಪ್ರತ್ಯೇಕ ಸ್ಲೀಪರ್ ಕೋಣೆ ಬೇಕಂದರೆ ತಿಂಗಳುಗಟ್ಟಲೆ ಮುಂಚೆ ನೋಡಬೇಕು. ನಮಗೆ ಉಳಿದಿದ್ದು ಕೂರುವ ಸೀಟು ಮಾತ್ರ. ಬೇಡ ಅಂತ ಹಗಲಿನ ರೈಲ್‌ಜೆಟ್‌ನಲ್ಲಿ ಸೀಟು ಹಿಡಿದೆವು. ಅದು ಆಸ್ಟ್ರಿಯಾದ ಸೆಮ್ಮರಿಂಗ್ ಘಾಟಿ ಮೇಲೆ ಹೋಗುತ್ತದೆ. 1854ರಲ್ಲಿ ಮುಗಿದ ಆ ಹಳೇ ಬೆಟ್ಟದ ಮಾರ್ಗ ಯುನೆಸ್ಕೋ ಪಟ್ಟಿಯಲ್ಲಿದೆ. ಕಲ್ಲಿನ ಕಮಾನು ಸೇತುವೆಗಳ ಮೇಲೆ ರೈಲು ನಿಧಾನಕ್ಕೆ ತಿರುಗುವಾಗ ಏಜೆನ್ಸಿಯ ಮೇಲಿನ ಸಿಟ್ಟು ಸ್ವಲ್ಪ ಹೊತ್ತು ಮರೆತೇ ಹೋಗಿತ್ತು. ಕತ್ತಲಲ್ಲಿ ದಾಟಿದ್ದರೆ ಏನೂ ಕಾಣುತ್ತಿರಲಿಲ್ಲ.

ಇಳಿದ ಮೇಲೆ ಸಿಟ್ಟು ವಾಪಸ್ ಬಂತು. "ವೆನಿಸ್ ಹೋಟೆಲ್" ಇದ್ದಿದ್ದು ಮೆಸ್ತ್ರೆಯಲ್ಲಿ. ಅಂದರೆ ನೀರಿನ ಈಚೆ ದಡದಲ್ಲಿ, ಮಾಮೂಲಿ ರಸ್ತೆ, ಬಸ್ಸು ಇರುವ ಊರು. ಸಾಂತಾ ಲೂಚಿಯಾ ಅನ್ನುವ ಸ್ಟೇಷನ್‌ಗೆ ಹೋದರೆ ಮಾತ್ರ ಎದುರಿಗೇ ಕಾಲುವೆ ಕಾಣುವುದು. ಮೆಸ್ತ್ರೆ ಅಗ್ಗ, ರೈಲಿನಲ್ಲಿ ಹತ್ತು ನಿಮಿಷ, ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಹೇಳಿ ಕೊಡಬೇಕಿತ್ತು.

ಕೊನೆಗೆ ರೋಮ್ ರೈಲು. ಅಷ್ಟರಲ್ಲಿ ನಾವು ಹುಷಾರಾಗಿದ್ದೆವು, ಹಿಂದಿನ ದಿನವೇ ನಂಬರ್ ಹಾಕಿ ನೋಡಿದೆವು. ಪಿಡಿಎಫ್‌ನಲ್ಲಿ ಹಸಿರು ಟಿಕ್ ಹಾಕಿದ್ದ ಆ ರೈಲು ಇಟಾಲೋ. ಅದು ಖಾಸಗಿ ಕಂಪನಿಯದು, ಯೂರೇಲ್ ಪಾಸ್ ಅದರಲ್ಲಿ ನಡೆಯುವುದೇ ಇಲ್ಲ. ಫ್ರಾನ್ಸ್‌ನ ಅಗ್ಗದ ಊಯಿಗೋ ರೈಲುಗಳಿಗೂ ಅಷ್ಟೇ. ಇಟಲಿಯ ಸರ್ಕಾರಿ ರೈಲ್ವೆಯ ವೇಗದ ರೈಲು ಫ್ರೆಚ್ಚಾರೋಸ್ಸಾದಲ್ಲಿ ಪಾಸ್ ನಡೆಯುತ್ತದೆ, ಆದರೆ ರಿಸರ್ವೇಶನ್ ಕಡ್ಡಾಯ. ಸ್ಟೇಷನ್‌ಗೆ ಹೋಗಿ ಅದನ್ನು ಮಾಡಿಸಿಕೊಂಡೆವು.

ವಾಪಸ್ ಬಂದ ಮೇಲೆ ಏಜೆನ್ಸಿಯವರು ಫೋನ್ ಎತ್ತಿದರು. "ನಿಯಮಗಳ ಪುಟದಲ್ಲಿ ಬರೆದಿದೆ ಸಾರ್, ರಿಸರ್ವೇಶನ್ ಪ್ರಯಾಣಿಕರ ಜವಾಬ್ದಾರಿ." ಹುಡುಕಿದರೆ ಹೌದು, ಸಣ್ಣ ಅಕ್ಷರದಲ್ಲಿ ಇದೆ, ಹಸಿರು ಟಿಕ್ ಪುಟಗಳಾದ ಮೇಲೆ. ಪರಿಹಾರ ಅಂತ ಮುಂದಿನ ಪ್ಯಾಕೇಜ್‌ಗೆ ರಿಯಾಯಿತಿ ಕೂಪನ್ ಕೊಡಲು ಬಂದರು. ಬೇಡ ಅಂದೆವು.

ನೀವು ಈಗಾಗಲೇ ಇಂಥ ಪ್ಯಾಕೇಜ್‌ಗೆ ದುಡ್ಡು ಕಟ್ಟಿದ್ದರೆ ಇವತ್ತೇ ಯೂರೇಲ್‌ನ ರೈಲ್ ಪ್ಲಾನರ್ ಆ್ಯಪ್ ಹಾಕಿಕೊಳ್ಳಿ. ಪ್ಲಾನಿನ ಒಂದೊಂದೇ ರೈಲನ್ನು ಅದರಲ್ಲಿ ಹುಡುಕಿ. ರಿಸರ್ವೇಶನ್ ಬೇಕಾ ಬೇಡ್ವಾ ಅಂತ ಅಲ್ಲೇ ತೋರಿಸುತ್ತದೆ. ಬೇಡದ ರೈಲುಗಳನ್ನು ಮಾತ್ರ ತೋರಿಸು ಅಂತಲೂ ಕೇಳಬಹುದು. ಬೇಕಾದ ಕಡೆ ಸೀಟ್ ನಂಬರ್ ಇರುವ ಟಿಕೆಟ್ ಕೊಡಿ ಅಂತ ಏಜೆನ್ಸಿಗೆ ಇಮೇಲ್‌ನಲ್ಲೇ ಕೇಳಿ, ಫೋನ್‌ನಲ್ಲಿ ಬೇಡ. ಪಾಸ್ ಯಾವ ಬಗೆಯದು, ಆ್ಯಕ್ಟಿವೇಟ್ ಆಗಿದೆಯಾ ಅಂತ ನೋಡಿ. ಆಗಿಲ್ಲದಿದ್ದರೆ ಸ್ವಲ್ಪ ಹಣ ಕಡಿದುಕೊಂಡು ವಾಪಸ್ ಕೊಡುವ ಪಾಸ್‌ಗಳೂ ಇವೆ, ಪಾಸ್‌ನ ದಿನ ಶುರುವಾಗಿಬಿಟ್ಟರೆ ಆ ಬಾಗಿಲು ಮುಚ್ಚಿದಂತೆ. ಇಬ್ಬರ ಪಾಸನ್ನೂ ಒಂದೇ ಫೋನ್‌ನಲ್ಲಿ ಇಟ್ಟುಕೊಳ್ಳಬೇಡಿ, ಬ್ಯಾಟರಿ ಸತ್ತರೆ ಇಬ್ಬರದೂ ಹೋಯಿತು. ಯೂರೋಸ್ಟಾರ್ ಸೀಟು ಮಾತ್ರ ಏಜೆನ್ಸಿಯ ಉತ್ತರಕ್ಕೆ ಕಾಯದೆ ನೀವೇ ಹಿಡಿದುಕೊಳ್ಳಿ, ಜಗಳ ಆಮೇಲೆ ಆಡಬಹುದು.