ಬರಪೊಳೆ, ಗಣೇಶಗುಡಿ, ಭೀಮೇಶ್ವರಿ: ಈಜು ಬಾರದವಳ ಹೋಲಿಕೆ

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಳಗೆ ಬರೆದ ಅಭಿಪ್ರಾಯಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಕಳೆದ ಜುಲೈನಿಂದ ಈ ಫೆಬ್ರುವರಿ ತನಕ ನಾನು, ಹದಿನೇಳು ವರ್ಷದ ಮಗ ಮತ್ತು ನಾದಿನಿ ಸೇರಿ ಮೂರು ಕಡೆ ಇಡೀ ದಿನದ ಸಾಹಸ ಪ್ಯಾಕೇಜ್ ಮಾಡಿ ಬಂದೆವು. ಮೊದಲು ಕೊಡಗಿನ ಬರಪೊಳೆ ಎಂಬ ಹೊಳೆ, ನವೆಂಬರಿನಲ್ಲಿ ಜೋಯಿಡಾ ತಾಲ್ಲೂಕಿನ ಗಣೇಶಗುಡಿ, ಕೊನೆಗೆ ಕಾವೇರಿ ದಂಡೆಯ ಭೀಮೇಶ್ವರಿ. ಹುಬ್ಬಳ್ಳಿಯಲ್ಲಿ ಗೆಳತಿಯರು ‘ಯಾವುದಕ್ಕ ಹೋಗೂಣ್ರಿ?’ ಎಂದು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಒಮ್ಮೆ ಪೂರ್ತಿ ಬರೆಯೋಣ ಅನ್ನಿಸಿತು.

ಮೂರೂ ಕಡೆಯ ಜಾಹೀರಾತು ನೋಡಿದರೆ ಹೆಚ್ಚುಕಡಿಮೆ ಒಂದೇ. ರಾಫ್ಟಿಂಗ್ (ಗಾಳಿ ತುಂಬಿದ ದೋಣಿಯಲ್ಲಿ ರಭಸದ ನೀರು ಇಳಿಯುವುದು), ಕಯಾಕಿಂಗ್ (ಒಬ್ಬಿಬ್ಬರು ಕೂರುವ ಪುಟ್ಟ ದೋಣಿ), ಜಿಪ್‌ಲೈನ್ (ತಂತಿಗೆ ಜೋತು ಜಾರುವುದು), ಜೀಪು, ಊಟ, ಸಂಜೆ ಚಹಾ, ಒಂದೊಂದರ ಮುಂದೆ ಹಸಿರು ಟಿಕ್ಕು. ಮೊದಲ ಸಲ ನಾವೂ ಟಿಕ್ಕು ಎಣಿಸಿಯೇ ದುಡ್ಡು ಕಟ್ಟಿದೆವು. ಈಗ ನಾನು ನೋಡುವುದೇ ಬೇರೆ. ದಿನದಲ್ಲಿ ನೀರಿನ ಮೇಲೆ ಅಥವಾ ಹಗ್ಗದ ಮೇಲೆ ಎಷ್ಟು ಹೊತ್ತು ಇದ್ದೆ, ಗಾಡಿಯಲ್ಲಿ ಮತ್ತು ಸರದಿಯಲ್ಲಿ ಎಷ್ಟು ಹೊತ್ತು ಹೋಯಿತು, ಮೊದಲ ಸೆಳವಿಗೆ ಸಿಗುವ ಮುಂಚೆ ಬೀಳುವುದನ್ನೂ ಏಳುವುದನ್ನೂ ಯಾರಾದರೂ ಮಾಡಿಸಿದರಾ.

ಬರಪೊಳೆಯ ನಮ್ಮ ಪ್ಯಾಕೇಜಿನಲ್ಲಿ ಬೆಳಗ್ಗೆ ಮಾಂದಲಪಟ್ಟಿ ಜೀಪ್ ಸವಾರಿ, ಮಧ್ಯಾಹ್ನ ರಾಫ್ಟಿಂಗ್, ಸಂಜೆ ಕಾಫಿ ತೋಟದೊಳಗೆ ಎಟಿವಿ (ದಪ್ಪ ಚಕ್ರದ ನಾಲ್ಕು ಗಾಲಿಯ ಬೈಕು) ಓಡಿಸುವುದು ಇತ್ತು. ಒಂದೇ ಜಿಲ್ಲೆ, ಎಷ್ಟು ದೂರ ಇದ್ದೀತು ಎಂದುಕೊಂಡಿದ್ದೆವು. ಮಾಂದಲಪಟ್ಟಿ ಮಡಿಕೇರಿಯಿಂದ ಉತ್ತರಕ್ಕೆ, ಪುಷ್ಪಗಿರಿ ಕಡೆಯ ಬೆಟ್ಟಸಾಲಿನಲ್ಲಿದೆ. ಬರಪೊಳೆ ದಕ್ಷಿಣ ಕೊಡಗಿನ ತುದಿಯಲ್ಲಿ, ಗೋಣಿಕೊಪ್ಪ, ಪೊನ್ನಂಪೇಟೆ ದಾಟಿ ಬ್ರಹ್ಮಗಿರಿ ಕಾಡಿನ ಮಗ್ಗುಲಿಗೆ, ಕೇರಳದ ಗಡಿಯ ಹತ್ತಿರ. ನಡುವಿನ ದಾರಿ ಪೂರಾ ತಿರುವು. ಆ ದಿನ ಗಾಡಿಯಲ್ಲೇ ಐದು ತಾಸಿನ ಮೇಲೆ ಕೂತಿದ್ದೆವು. ಮಾಂದಲಪಟ್ಟಿಯ ಮೇಲೆ ಜುಲೈ ಮಂಜಿನಲ್ಲಿ ಪಕ್ಕದ ಜೀಪು ಸಹ ಕಾಣಲಿಲ್ಲ. ಅಲ್ಲಿಯ ಜೀಪಿಗೆ ಬಾಡಿಗೆ ತಲೆಗಿಷ್ಟು ಎಂದಲ್ಲ, ಗಾಡಿಗಿಷ್ಟು. ಮೂರೇ ಜನ ಇದ್ದ ನಮಗೆ ಅದೂ ಭಾರವಾಯಿತು. ಕೊಡಗಿಗೆ ಹೋಗುವವರು ದಯವಿಟ್ಟು ಇವೆರಡನ್ನೂ ಒಂದೇ ದಿನಕ್ಕೆ ಜೋಡಿಸಬೇಡಿ.

ಆದರೆ ಹೊಳೆ! ಬರಪೊಳೆಗೆ ಮೇಲೆ ಯಾವ ಅಣೆಕಟ್ಟಿನ ಆಸರೆಯೂ ಇಲ್ಲ, ಬರೀ ಮಳೆಯ ನೀರು. ಹಾಗಾಗಿ ರಾಫ್ಟಿಂಗ್ ನಡೆಯುವುದು ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ. ಮಳೆ ವಿಪರೀತವಾದರೆ ಆಗಲೂ ನಿಲ್ಲಿಸುತ್ತಾರೆ. ಓಡುವ ದೂರ ಮೂರು ಕಿಲೋಮೀಟರಿನ ಆಸುಪಾಸು. ಅಷ್ಟರೊಳಗೆ, ಬಂಡೆಗಳ ನಡುವೆ ನೀರು ನೊರೆಯೆದ್ದು ಧುಮುಕುವ ಜಾಗಗಳು, ಅಂದರೆ ಒಂದರ ಹಿಂದೆ ಒಂದು ರ್‍ಯಾಪಿಡ್, ಕೆಲವು ನಾಲ್ಕನೇ ಗ್ರೇಡಿನವು. ಹೊಳೆಗಳನ್ನು ಒಂದರಿಂದ ಆರರ ತನಕ ಅಳೆಯುತ್ತಾರೆ, ಆರು ಎಂದರೆ ಪಳಗಿದವರೂ ಹಿಂಜರಿಯುವ ನೀರು. ರಾಫ್ಟಿಂಗಿನವರು ಈ ರ್‍ಯಾಪಿಡ್‌ಗಳಿಗೆ ಮಾರ್ನಿಂಗ್ ಕಾಫಿ, ಗ್ರಾಸ್‌ಹಾಪರ್, ವಿಕೆಡ್ ವಿಚ್ ಎಂದೆಲ್ಲ ಹೆಸರಿಟ್ಟಿದ್ದಾರೆ. ಹೊರಡುವ ಜಾಗ ಬಿಟ್ಟರೆ ದಂಡೆ ಎನ್ನುವುದೇ ಇಲ್ಲ, ಎರಡೂ ಕಡೆಯಿಂದ ಕಾಡು ನೀರಿಗೆ ಬಾಗಿ ನಿಂತಿದೆ.

ನಾವು ಹೋದ ತಂಡದವರು ಪಾಠ ಹೇಳಿದ್ದು ದಂಡೆಯ ಮೇಲೆ, ಸುರಿಯುವ ಮಳೆಯಲ್ಲಿ, ಹತ್ತು ನಿಮಿಷವೂ ಇಲ್ಲ. ಹೆಲ್ಮೆಟ್ ಮೇಲೆ ಬೀಳುವ ಮಳೆ ಸದ್ದಿಗೆ ನನಗೆ ಅರ್ಧ ಕೇಳಿಸಲಿಲ್ಲ. ಮೂರನೇ ರ್‍ಯಾಪಿಡ್‌ನಲ್ಲಿ ದೋಣಿಯ ಎಡ ಮಗ್ಗುಲು ಬಂಡೆಗೆ ತಾಗಿ ಮೇಲೆದ್ದಿತು, ನಾನು ನೀರಿನಲ್ಲಿದ್ದೆ. ಈಜು ಬಾರದವರು ನೀರಿಗೆ ಬಿದ್ದಾಗ ಮಾಡುವುದನ್ನೇ ನಾನೂ ಮಾಡಿದೆ, ಕಾಲೂರಿ ನಿಲ್ಲಲು ನೋಡಿದೆ. ಮೊಣಕಾಲು ಬಂಡೆಗೆ ಬಡಿಯಿತು. ಗೈಡ್ ಎರಡೇ ಕ್ಷಣದಲ್ಲಿ ಲೈಫ್ ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ನನ್ನನ್ನು ದೋಣಿಯೊಳಗೆ ಎಳೆದುಕೊಂಡ. ಆ ಹುಡುಗನ ಕೈಚಳಕಕ್ಕೆ ಇವತ್ತಿಗೂ ಕೃತಜ್ಞಳು. ಹರಿಯುವ ನೀರಿನಲ್ಲಿ ನಿಲ್ಲಲು ಹೋಗಬಾರದು, ಪಾದ ಬಂಡೆಸಂದಿಗೆ ಸಿಕ್ಕಿಕೊಂಡರೆ ಸೆಳವು ನಮ್ಮನ್ನು ಮುಂದಕ್ಕೆ ಮಗುಚಿ ಮುಳುಗಿಸುತ್ತದೆ ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ನಾಲ್ಕು ತಿಂಗಳ ಮೇಲೆ, ಗಣೇಶಗುಡಿಯಲ್ಲಿ.

ಎಟಿವಿ ಬಗ್ಗೆ ಎರಡೇ ಮಾತು. ಕೆಸರಿನಲ್ಲಿ ಹತ್ತು ನಿಮಿಷ, ಮಗನಿಗೆ ಖುಷಿ, ನಮಗೆ ಬೇಕಿರಲಿಲ್ಲ. ಸಂಜೆ ಬಟ್ಟೆ ಬದಲಿಸಲು ಕೊಟ್ಟ ತಗಡಿನ ಕೋಣೆಗೆ ಚಿಲಕವೇ ಇರಲಿಲ್ಲ, ನಾದಿನಿಯೂ ನಾನೂ ಸರದಿಯ ಮೇಲೆ ಬಾಗಿಲು ಹಿಡಿದು ನಿಂತೆವು. ನಿಂತಲ್ಲೇ ಕಾಲಿಗೆ ಜಿಗಣೆ ಹತ್ತಿತು.

ಗಣೇಶಗುಡಿ ನಮಗೆ ಹತ್ತಿರ, ಹುಬ್ಬಳ್ಳಿಯಿಂದ ಧಾರವಾಡ, ಹಳಿಯಾಳ, ದಾಂಡೇಲಿ ಮೇಲೆ ನೂರು ಕಿಲೋಮೀಟರಿನ ಆಸುಪಾಸು. ಊರಿನ ತಲೆಯ ಮೇಲೆ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಹಳೆಯ ಸೂಪಾ ಊರು ಅದರ ಹಿನ್ನೀರಿನಲ್ಲಿ ಮುಳುಗಿದೆ. ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಅವು ಓಡಿದಾಗ ಕೆಳಗೆ ಕಾಳಿ ನದಿ ತುಂಬುತ್ತದೆ. ಮಳೆ ನಿಂತು ತಿಂಗಳುಗಳಾದ ಮೇಲೂ ಇಲ್ಲಿ ಬಿಳಿನೀರು, ಅಂದರೆ ರಾಫ್ಟಿಂಗಿಗೆ ಬೇಕಾದ ನೊರೆಯ ರಭಸದ ನೀರು, ಸಿಗುವುದಕ್ಕೆ ಇದೇ ಕಾರಣ. ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಮಾತ್ರ ರಾಫ್ಟಿಂಗಿನವರ ಕೈಯಲ್ಲಿಲ್ಲ. ನಾವು ಎಂಟಕ್ಕೆ ತಲುಪಿ ಹತ್ತರ ತನಕ ಕಾದೆವು, ಆಮೇಲೆ ನೋಡನೋಡುತ್ತ ಒಣ ಬಂಡೆಗಳು ಒಂದೊಂದಾಗಿ ನೀರೊಳಗೆ ಹೋದವು. ಆ ಎರಡು ತಾಸು ನನಗೆ ದಂಡ ಅನ್ನಿಸಲಿಲ್ಲ. ಎದುರಿನ ಮರದ ಮೇಲೆ ಮಂಗಟ್ಟೆ ಹಕ್ಕಿಗಳು ಬಂದು ಕೂತಿದ್ದವು. ಅವು ಹಾರುವಾಗ ರೆಕ್ಕೆಯ ಸದ್ದು ತಲೆಯ ಮೇಲೆ ಸ್ಪಷ್ಟ ಕೇಳುತ್ತದೆ.

ಇಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ಉದ್ದದ್ದೋ ಗಿಡ್ಡದ್ದೋ? ಉದ್ದದ ರಾಫ್ಟಿಂಗ್ ಒಂಬತ್ತು ಕಿಲೋಮೀಟರಿನಷ್ಟು, ಎರಡೂವರೆ ಮೂರು ತಾಸು. ಗಿಡ್ಡದ್ದು ಎರಡು ಕಿಲೋಮೀಟರಿನೊಳಗೇ ಮುಗಿಯುತ್ತದೆ. ಪ್ಯಾಕೇಜಿನಲ್ಲಿ ಬರೀ ರಾಫ್ಟಿಂಗ್ ಎಂದು ಬರೆದಿದ್ದರೆ ಅದು ಹೆಚ್ಚಾಗಿ ಗಿಡ್ಡದ್ದೇ ಆಗಿರುತ್ತದೆ. ನಾವು ಹೆಚ್ಚಿನ ದುಡ್ಡು ಕೊಟ್ಟು ಉದ್ದದ್ದಕ್ಕೆ ಹೆಸರು ಬರೆಸಿದೆವು.

ನಮ್ಮ ಗೈಡ್ ಹಳಿಯಾಳ ಕಡೆಯವನು. ಮೊದಲು ಒಬ್ಬೊಬ್ಬರ ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿದ. ನನ್ನದು ಕಿವಿಯ ತನಕ ಬಂತು. ‘ಹಿಂಗಿದ್ರ ನೀರಾಗ ಜಾಕೆಟ್ ತೇಲ್ತೈತ್ರಿ, ನೀವು ತೇಲಂಗಿಲ್ಲ’ ಎಂದು ಪಕ್ಕೆಯ ಪಟ್ಟಿಗಳನ್ನೆಲ್ಲ ಬಿಗಿದು ಮತ್ತೆ ಜಗ್ಗಿ ನೋಡಿದ. ಹುಟ್ಟಿನ ತುದಿಯ ಹಿಡಿಯನ್ನು ಅಂಗೈಯಿಂದ ಮುಚ್ಚಿಯೇ ಹಿಡಿಯಬೇಕು, ಇಲ್ಲದಿದ್ದರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ ಎಂದ. ಆಮೇಲೆ ದೋಣಿಯನ್ನು ನಿಂತ ನೀರಿನ ಮಡುವಿಗೆ ಒಯ್ದು, ಎಲ್ಲರಿಗೂ ಒಬ್ಬೊಬ್ಬರಾಗಿ ನೀರಿಗಿಳಿಯಲು ಹೇಳಿದ.

ನಾನು ಆಗುವುದಿಲ್ಲ ಎಂದೆ. ಬರಪೊಳೆಯಲ್ಲಿ ಬಿದ್ದದ್ದನ್ನೂ ಹೇಳಿದೆ. ಅವನು ಅವಸರ ಮಾಡಲಿಲ್ಲ. ‘ಅಕ್ಕಾರ, ಬಿದ್ರ ನಿಲ್ಲಾಕ ಹೋಗಬ್ಯಾಡ್ರಿ. ಅಂಗಾತ ಮಲಗಿಬಿಡ್ರಿ, ಕಾಲು ಮುಂದ, ಬೆರಳು ನೀರಿನ ಮ್ಯಾಲ ಕಾಣಬೇಕು’ ಎಂದು ತಾನೇ ಇಳಿದು ಮಲಗಿ ತೋರಿಸಿದ. ಮಗ ಇಳಿದ, ನಾದಿನಿ ಇಳಿದಳು. ‘ವೈನಿ, ಏನೂ ಆಗಂಗಿಲ್ಲ, ಕೈ ಕೊಡ್ರಿ’ ಎಂದು ನೀರಿನಿಂದಲೇ ಕರೆದಳು. ಕೊನೆಗೆ ದೋಣಿಯ ಸುತ್ತಲಿನ ಹಗ್ಗ ಹಿಡಿದುಕೊಂಡು ಇಳಿದೆ. ನವೆಂಬರಿನಲ್ಲೂ ಆ ನೀರು ಎದೆ ಹಿಡಿದುಕೊಳ್ಳುವಷ್ಟು ತಣ್ಣಗಿತ್ತು. ಮಲಗಿದೆ. ಕಿವಿ ನೀರೊಳಗೆ ಹೋಗಿ ಸದ್ದೆಲ್ಲ ನಿಂತಿತು, ಮೇಲೆ ಆಕಾಶ, ಮುಂದೆ ನನ್ನದೇ ಎರಡು ಬೂಟು. ಹಗ್ಗ ಬಿಟ್ಟೆ. ಜಾಕೆಟ್ ನನ್ನನ್ನು ಹೊತ್ತುಕೊಂಡಿತ್ತು. ನಲವತ್ತಾರು ವರ್ಷದಲ್ಲಿ ನೀರಿನ ಮೇಲೆ ನಾನು ಒಬ್ಬಳೇ ಇದ್ದದ್ದು ಅದೇ ಮೊದಲು.

ಆಮೇಲಿನ ಮೂರು ತಾಸು ರ್‍ಯಾಪಿಡ್‌ಗಳಿಗೆ ಹೆದರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಹೆದರಿಕೆಯಲ್ಲಿ ಕೈ ಕೆಲಸ ಮಾಡುತ್ತಿತ್ತು. ‘ಫಾರ್ವರ್ಡ್’ ಎಂದಾಗ ಹುಟ್ಟು ಹಾಕಿದೆ, ‘ಡೌನ್’ ಎಂದಾಗ ದೋಣಿಯೊಳಗೆ ಕುಕ್ಕರಿಸಿದೆ. ಕಾಳಿಯ ಈ ಓಟ ಎರಡು, ಮೂರನೇ ಗ್ರೇಡಿನದು, ಬರಪೊಳೆಯಷ್ಟು ರಭಸ ಇಲ್ಲ. ಒಂದು ಇಳುಕಲು ಮುಗಿದ ಮೇಲೆ ಉಸಿರು ಹಿಡಿಯಲು ಮೆಲ್ಲಗೆ ಹರಿಯುವ ನೀರು ಸಿಗುತ್ತದೆ. ಮೊದಲ ಸಲದವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ನಾನು ನೋಡಿಲ್ಲ.

ಮಧ್ಯಾಹ್ನದ ನಂತರದ ಕಥೆ ಅಷ್ಟು ಚೆಂದವಿಲ್ಲ. ಶನಿವಾರ, ವಿಪರೀತ ಜನ. ಬೇರೊಂದು ಕಡೆ ಇದ್ದ ಜಿಪ್‌ಲೈನಿಗೆ ಕಳಿಸಿದರು. ಒಂದು ತಾಸು ನಲವತ್ತು ನಿಮಿಷ ನಿಂತು ಅರ್ಧ ನಿಮಿಷ ಹಾರಿದೆವು. ನಾದಿನಿಗೆ ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಹಾಕಿದ ಹುಡುಗ ಫೋನಿನಲ್ಲಿ ಮಾತಾಡುತ್ತಲೇ ಪಟ್ಟಿ ಸಿಕ್ಕಿಸಿದ. ತೊಡೆಯ ಪಟ್ಟಿ ತಿರುಚಿಕೊಂಡಿತ್ತು, ಬಕಲ್ಲಿನೊಳಗೆ ಪೂರ್ತಿ ಹೋಗಿರಲಿಲ್ಲ. ಅದನ್ನು ಕಂಡದ್ದು ಅವಳೇ. ನಾನು ಅಲ್ಲೇ ನಿಲ್ಲಿಸಿ ಹಿರಿಯರೊಬ್ಬರನ್ನು ಕರೆಸಿ, ಬಿಚ್ಚಿ ಮತ್ತೆ ಹಾಕಿಸಿದೆ. ಹಿಂದೆ ಸರದಿಯಲ್ಲಿದ್ದವರು ಬೇಸರ ಮಾಡಿಕೊಂಡರು. ಮಾಡಿಕೊಳ್ಳಲಿ. ಬೆಳಗಿನ ಶ್ರದ್ಧೆ, ಮಧ್ಯಾಹ್ನದ ಉಡಾಫೆ ಎರಡೂ ಒಂದೇ ಪ್ಯಾಕೇಜಿನಲ್ಲಿ ಇದ್ದವು ಎಂಬುದನ್ನು ಬರೆಯಲೇಬೇಕು. ಕಯಾಕ್ ಮುಗಿಸಿ, ಬಂಡೆಗಳ ನಡುವಿನ ಸೆಳವಿನಲ್ಲಿ ಬೆನ್ನು ಕೊಟ್ಟು ಕೂರುವ ‘ಜಕೂಜಿ’ಯಲ್ಲಿ ಸಂಜೆ ಮಾಡಿದೆವು. ಅದಕ್ಕೆ ಸರದಿ ಇರಲಿಲ್ಲ, ತೋಳಿನ ನೋವೆಲ್ಲ ಅಲ್ಲೇ ಇಳಿಯಿತು.

ಭೀಮೇಶ್ವರಿಗೆ ಬೆಂಗಳೂರಿನ ತಂಗಿಯ ಮನೆಯಿಂದ ಹೋದೆವು. ಕನಕಪುರ, ಸಾತನೂರು, ಹಲಗೂರು ದಾಟಿ ನೂರು ಕಿಲೋಮೀಟರ್. ಈ ಸಲ ತಂಗಿಯ ಒಂಬತ್ತು ವರ್ಷದ ಮಗಳೂ ಎಪ್ಪತ್ತರ ಹತ್ತಿರದ ನಮ್ಮ ಅತ್ತೆಯೂ ಜತೆಗಿದ್ದರು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಕ್ಯಾಂಪು ಕಾವೇರಿ ವನ್ಯಧಾಮದೊಳಗೆ, ಹೊಳೆಮತ್ತಿಯ ದೊಡ್ಡ ಮರಗಳ ನೆರಳಲ್ಲಿದೆ. ನಾವು ಹೋದಾಗ ಇಲ್ಲಿ ಬಿಳಿನೀರಿನ ಆಟ ಇರಲಿಲ್ಲ. ಕಯಾಕ್, ಹರಿಗೋಲು, ಜಿಪ್‌ಲೈನ್, ಮರದಿಂದ ಮರಕ್ಕೆ ಕಟ್ಟಿದ ಹಗ್ಗದ ಸೇತುವೆಗಳು. ಹೊಳೆಯಲ್ಲಿ ಮೊಸಳೆ ಇವೆ, ಮನಸ್ಸು ಬಂದಲ್ಲಿ ನೀರಿಗಿಳಿಯುವ ಹಾಗಿಲ್ಲ.

ಎದೆ ಬಡಿತದ ಲೆಕ್ಕದಲ್ಲಿ ಇದು ಮೂರರಲ್ಲಿ ಕೊನೆಯದು. ಮಗ ಮಧ್ಯಾಹ್ನಕ್ಕೇ ‘ಅವ್ವಾ, ಇಷ್ಟೇನಾ?’ ಎಂದ. ಆದರೆ ಹಗ್ಗದ ಮೇಲೆ ತಂಗಿಯ ಮಗಳು ನಡೆದದ್ದನ್ನು ನೋಡಬೇಕಿತ್ತು. ಸೊಂಟದ ಪಟ್ಟಿಗೆ ಎರಡು ಕೊಕ್ಕೆ ಇರುತ್ತವೆ. ಒಂದು ಮರ ತಲುಪಿದ ಮೇಲೆ ಒಂದು ಕೊಕ್ಕೆಯನ್ನು ಮುಂದಿನ ತಂತಿಗೆ ಹಾಕಿ, ಅದು ಕೂತದ್ದು ಖಾತ್ರಿಯಾದ ಮೇಲೆಯೇ ಇನ್ನೊಂದನ್ನು ತೆಗೆಯುವುದು. ಯಾವ ಗಳಿಗೆಯಲ್ಲೂ ಮೈ ತಂತಿಗೆ ಕಟ್ಟಿಕೊಂಡೇ ಇರುತ್ತದೆ. ಮೂರನೇ ಮರಕ್ಕೆ ಬರುವಷ್ಟರಲ್ಲಿ ಆ ಹುಡುಗಿ ‘ಹಾಕಿದೆ, ನೋಡಿದೆ, ತೆಗೆದೆ’ ಎಂದು ತಾನೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಅತ್ತೆ ಹರಿಗೋಲಿನಲ್ಲಿ ಕೂತು ಒಂದು ಸುತ್ತು ಗಿರಕಿ ಹೊಡೆದು, ಇಳಿದು, ಇನ್ನೊಂದು ಸುತ್ತಿಗೆ ಹೋದರು.

ಹಾಗಾದರೆ ಯಾವುದು? ಬಹುಮಟ್ಟಿಗೆ ತಿಂಗಳೇ ಅರ್ಧ ನಿರ್ಧಾರ ಮಾಡಿಬಿಡುತ್ತದೆ. ಮಳೆಗಾಲದಲ್ಲಿ ಬರಪೊಳೆ, ದಸರಾ ಕಳೆದು ಬೇಸಿಗೆ ತನಕ ಗಣೇಶಗುಡಿ. ಚಿಕ್ಕ ಮಕ್ಕಳು, ವಯಸ್ಸಾದವರು ಜತೆಗಿದ್ದರೆ ಭೀಮೇಶ್ವರಿ ಬಿಟ್ಟು ಬೇರೆ ಯೋಚನೆ ಬೇಡ. ಈಜು ಬಾರದೆ ಮೊದಲ ಸಲ ರಾಫ್ಟಿಂಗ್ ಮಾಡುವವರು ಬರಪೊಳೆಯಿಂದ ಶುರು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಕಾಳಿ, ಆಮೇಲೆ ಬರಪೊಳೆ. ನಮ್ಮ ಸರದಿ ಉಲ್ಟಾ ಆಯಿತು, ಮೊಣಕಾಲಿನ ಗಾಯ ಮೂರು ವಾರ ಇತ್ತು. ಮಗನನ್ನು ಕೇಳಿದರೆ ಈಗಲೂ ಬರಪೊಳೆಯೇ ಮೊದಲು. ಅವನಿಗೆ ಈಜು ಬರುತ್ತದೆ.

ಹೆಣ್ಣುಮಕ್ಕಳಿಗೆ ಒಂದಿಷ್ಟು: ದುಪ್ಪಟ್ಟಾ, ಜೀನ್ಸ್ ಎರಡೂ ಬೇಡ, ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್ ಮತ್ತು ತುಂಬು ತೋಳಿನ ಟೀ ಶರ್ಟ್ ಸಾಕು. ಚಪ್ಪಲಿ ಮೊದಲ ರ್‍ಯಾಪಿಡ್‌ಗೇ ಹೋಗುತ್ತದೆ, ಹಳೆಯ ಕ್ಯಾನ್ವಾಸ್ ಬೂಟು ಹಾಕಿ. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿಕೊಳ್ಳಿ. ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇದೆಯಾ ಎಂದು ಫೋನಿನಲ್ಲೇ ಕೇಳಿ, ನಾಚಿಕೆ ಬೇಡ. ಆಗುವುದಾದರೆ ಶನಿವಾರ, ಭಾನುವಾರ ಬಿಟ್ಟು ಹೋಗಿ.

ಬರುವ ಜುಲೈಗೆ ಮತ್ತೆ ಬರಪೊಳೆಗೆ ಹೋಗುವುದೆಂದು ಮೂವರೂ ಮಾತಾಡಿಕೊಂಡಿದ್ದೇವೆ, ಮಾಂದಲಪಟ್ಟಿ ಇಲ್ಲದೆ, ಎಟಿವಿ ಇಲ್ಲದೆ, ಹೊಳೆಗಾಗಿ ಮಾತ್ರ. ಈಗಲೇ ಎರಡು ತಂಡದವರಿಗೆ ಫೋನ್ ಮಾಡಿದೆ. ಇಬ್ಬರಿಗೂ ಕೇಳಿದ್ದು ಒಂದೇ: ಮೊದಲ ರ್‍ಯಾಪಿಡ್‌ಗೆ ಮುಂಚೆ ನಿಂತ ನೀರಿನಲ್ಲಿ ನಮ್ಮನ್ನು ಇಳಿಸಿ ತೇಲಿಸುತ್ತೀರಾ? ಒಬ್ಬರು ಅಷ್ಟೆಲ್ಲ ಸಮಯ ಇರುವುದಿಲ್ಲ ಎಂದರು. ಇನ್ನೊಬ್ಬರು, ನೀರಿನ ಮಟ್ಟ ನೋಡಿ ಸುರಕ್ಷಿತ ಜಾಗ ಸಿಕ್ಕರೆ ಖಂಡಿತ ಮಾಡಿಸುತ್ತೇವೆ, ಸಿಗದಿದ್ದರೆ ಈಜು ಬಾರದವರನ್ನು ಅವತ್ತು ಇಳಿಸುವುದಿಲ್ಲ, ದುಡ್ಡು ವಾಪಸ್ ಎಂದರು. ಅವರ ಹತ್ತಿರವೇ ಮುಂಗಡ ಕಟ್ಟಿದ್ದೇನೆ.